ಆರನೇ ಸಂಧಿಯ ಅರ್ಥ

ಹೊಸೂರು ತಾಲ್ಲೂಕು, ಸಾನಮಾವು ಕಾಡಿನ ಪಕ್ಕ
೧೫ ಜೂನ್ ೨೦೨೫

ಗಂಗರತ್ನಮ್ಮ ಮೇಡಂ ಅವರಿಗೆ ನಮಸ್ಕಾರ.

ನಾನು ಉಷಾರಾಣಿ. ಹದಿನಾಲ್ಕು ವರ್ಷದ ಹಿಂದೆ ಪಿಯುಸಿಯಲ್ಲಿ ನಿಮ್ಮ ಹತ್ತಿರ ಕನ್ನಡ ಕಲಿತವಳು, ಕಾಮರ್ಸ್ ಸೆಕ್ಷನ್. ಕಲಿತವಳು ಅನ್ನುವುದು ದೊಡ್ಡ ಮಾತಾಯಿತು. ಗೈಡ್ ಬಾಯಿಪಾಠ ಮಾಡಿ ಪಾಸಾದವಳು. ನಿಮಗೆ ಫೋನ್ ಮಾಡೋಣವೆಂದು ಕಾಲೇಜಿನಲ್ಲಿ ವಿಚಾರಿಸಿದೆ. ಮೇಡಂಗೆ ಈಗ ಕಿವಿ ಪೂರ್ತಿ ಹೋಗಿದೆ, ಮೊಬೈಲ್ ಇಟ್ಟುಕೊಂಡಿಲ್ಲ, ಕಾಗದ ಬರಿ ಎಂದು ಮಾಲೂರಿನ ವಿಳಾಸ ಕೊಟ್ಟರು. ನಿಜ ಹೇಳಬೇಕೆಂದರೆ ನನಗೆ ಸಮಾಧಾನವೇ ಆಯಿತು. ನಿಮ್ಮ ದನಿ ನೆನೆಸಿಕೊಂಡರೆ ನನಗೆ ಈಗಲೂ ಭಯ.

ವಿಷಯ ಇಷ್ಟು. ನನ್ನನ್ನು ಇಲ್ಲಿಗೆ ಕೊಟ್ಟು ಹತ್ತು ವರ್ಷವಾಯಿತು. ನಮ್ಮ ಮನೆಯವರು ಕೆಂಪರಾಜು ಬೇಸಾಯ ನೋಡಿಕೊಳ್ಳುತ್ತಾರೆ, ನಾನು ಕಂಪನಿ ಬಸ್ಸಿನಲ್ಲಿ ಹೊಸೂರಿಗೆ ಹೋಗಿ ಒಂದು ಫ್ಯಾಕ್ಟರಿಯಲ್ಲಿ ಗಾಡಿಗಳ ವೈರ್ ಜೋಡಿಸುತ್ತೇನೆ. ನಮ್ಮ ಮಾವ ಮುನಿಯಲ್ಲಪ್ಪನವರು ನಲವತ್ತು ವರ್ಷದಿಂದ ಈ ಊರಿನ ಭಜನೆಮನೆಯಲ್ಲಿ ಶ್ರಾವಣ ಶನಿವಾರಗಳಂದು ಒಂದು ಹಳಗನ್ನಡ ಕಾವ್ಯ ಓದಿ ಅರ್ಥ ಹೇಳುತ್ತಿದ್ದರು. ಊರಿನವರು ಅದಕ್ಕೆ ದೊಡ್ಡ ಪುಸ್ತಕ ಅನ್ನುತ್ತಾರೆ. ಯುಗಾದಿ ಕಳೆದ ಮೇಲೆ ಮಾವನಿಗೆ ಲಕ್ವ ಹೊಡೆದು ಮಾತು ನಿಂತುಹೋಯಿತು, ಬಲಗೈ ಬಿದ್ದುಹೋಯಿತು. ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಶ್ರಾವಣದಲ್ಲಿ ದೊಡ್ಡ ಪುಸ್ತಕ ಮುಚ್ಚಿಡಬಾರದು ಎಂಬುದು ಈ ಊರಿನ ಕಟ್ಟಲೆ. ಓದುವವರು ಬಿದ್ದರೆ ಅವರ ಮನೆಯವರೇ ಓದಬೇಕು, ಅವರು ಮಲಗಿರುವ ಕಡೆಯೇ ಓದಬೇಕು. ನಮ್ಮ ಮನೆಯವರು ಓದಿದ್ದು ತಮಿಳು ಮೀಡಿಯಂ. ಮಾತಾಡುವುದೆಲ್ಲ ಕನ್ನಡ, ಅಕ್ಷರ ಮಾತ್ರ ಬಾರದು. ಹಾಗಾಗಿ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. "ನಮ್ಮ ಉಷಾ ಕರ್ನಾಟಕದಾಗೆ ಓದಿರೋಳು ಕಣ್ರಪ್ಪಾ, ಅವ್ಳಿಗೇನು" ಎಂದು ಮಾವನ ತಂಗಿ ಗೋವಿಂದಮ್ಮತ್ತೆ ಊರಿಗೆಲ್ಲ ಸಾರಿಬಿಟ್ಟಿದ್ದಾರೆ.

ಪುಸ್ತಕ ತೆಗೆದು ನೋಡಿದೆ. ನೀವು ನಮಗೆ ನಲವತ್ತು ಪದ್ಯ ಪಾಠ ಮಾಡಿದಿರಲ್ಲ, ಅದೇ ಕಾವ್ಯ. ರಾಣಿ ಮಗುವನ್ನು ಎತ್ತಿಕೊಂಡು ಕಾಡು ದಾಟುತ್ತಾಳೆ, ಅಲ್ಲಿಗೆ ಪಾಠ ಮುಗಿಯುತ್ತಿತ್ತು. "ಮುಂದೆ ಏನಾಗುತ್ತೆ ಮೇಡಂ?" ಎಂದು ನಾನು ಒಂದು ದಿನ ಕೇಳಿದೆ. ನೀವು ನನ್ನನ್ನು ಎದ್ದು ನಿಲ್ಲಿಸಿ, ಮೊದಲು ಇರುವುದನ್ನು ನೆಟ್ಟಗೆ ಓದು ಎಂದಿರಿ. ಮೂರು ಸಾಲಿನಲ್ಲಿ ಆರು ಸಲ ತಡವರಿಸಿದೆ. "ನಿನ್ನಂಥವರಿಗಾಗಿ ಕವಿ ಇದನ್ನು ಬರೆದಿಲ್ಲಮ್ಮ, ಕೂತ್ಕೋ" ಎಂದಿರಿ. ಕ್ಲಾಸು ನಕ್ಕಿತು. ಇದನ್ನು ದೂರು ಹೇಳಲು ಬರೆಯುತ್ತಿಲ್ಲ. ಆ ಪುಸ್ತಕ ನನ್ನ ತೊಡೆಯ ಮೇಲಿದ್ದರೆ ಇವತ್ತಿಗೂ ನಾನು ಎದ್ದು ನಿಂತವಳೇ. ಬೇರೆ ಯಾರನ್ನು ಕೇಳಬೇಕೋ ತಿಳಿಯಲಿಲ್ಲ. ದಾರಿ ತೋರಿಸಬೇಕು.

ನಿಮ್ಮ ಹಳೆಯ ವಿದ್ಯಾರ್ಥಿನಿ,
ಉಷಾರಾಣಿ

*

ಮಾಲೂರು
೨೫ ಜೂನ್ ೨೦೨೫

ಉಷಾರಾಣಿ,

ನಿನ್ನ ಕಾಗದ ನಲವತ್ತು ಕಿಲೋಮೀಟರ್ ಬರಲು ಎಂಟು ದಿನ ತೆಗೆದುಕೊಂಡಿದೆ. ನೀನೇ ನಡೆದು ಬಂದಿದ್ದರೆ ಎರಡು ದಿನಕ್ಕೆ ಮುಟ್ಟುತ್ತಿದ್ದೆ. ಭಯ ಅಂದೆಯಲ್ಲ, ಅದಕ್ಕೇ ಅಂಚೆ ಅಂದುಕೊಳ್ಳುತ್ತೇನೆ.

ನೀನು ನನಗೆ ನೆನಪಿಲ್ಲ. ಮೂವತ್ತೊಂದು ವರ್ಷದಲ್ಲಿ ಎಷ್ಟೋ ಜನರನ್ನು ಎದ್ದು ನಿಲ್ಲಿಸಿದ್ದೇನೆ, ಯಾರನ್ನೆಂದು ನೆನಪಿಡಲಿ. ಆದರೆ ಆ ಮಾತು ನಾನು ಆಡುವಂಥದ್ದೇ, ಆಡಿರುತ್ತೇನೆ.

ಓದುವ ಕ್ರಮ ಹೇಳುತ್ತೇನೆ. ಪದ್ಯವನ್ನು ಒಂದೇ ಉಸಿರಿಗೆ ನುಂಗಲು ಹೋಗಬೇಡ. ಸೀಸದಕಡ್ಡಿ ಹಿಡಿದು ಪದಪದ ಬಿಡಿಸು, ಕ್ರಿಯಾಪದ ಎಲ್ಲಿದೆ ಹುಡುಕು, ಆಮೇಲೆ ಯಾರು ಯಾರಿಗೆ ಹೇಳುತ್ತಿದ್ದಾರೆ ನೋಡು. ತಿಳಿಯದ ಪದ್ಯಗಳನ್ನು ಬರೆದು ಕಳಿಸು, ಅರ್ಥ ಬರೆದು ಕಳಿಸುತ್ತೇನೆ. ಒಂದು ಮಾತು ನೆನಪಿರಲಿ. ನಿನ್ನ ತಲೆಗೆ ತೋಚಿದ್ದನ್ನು ಅರ್ಥ ಎಂದು ಹೇಳಬೇಡ. ಇಂಥ ಕಾವ್ಯಕ್ಕೆ ತಪ್ಪು ಅರ್ಥ ಹೇಳುವುದಕ್ಕಿಂತ ಬಾಯಿ ಮುಚ್ಚಿಕೊಂಡಿರುವುದು ವಾಸಿ.

ನಿನ್ನ ಮಾವನವರಂಥವರು ಇನ್ನೂ ಇದ್ದಾರೆ ಎಂದು ತಿಳಿದು ಸಂತೋಷವಾಯಿತು. ನಲವತ್ತು ವರ್ಷ ಇದಕ್ಕೆ ಅರ್ಥ ಹೇಳಿದವರ ಮುಂದೆ ನಾನೂ ಎದ್ದು ನಿಲ್ಲಬೇಕಾದವಳೇ.

ಗಂಗರತ್ನಮ್ಮ

*

೨೭ ಜುಲೈ ೨೦೨೫

ಮೇಡಂಗೆ ನಮಸ್ಕಾರ.

ನಿನ್ನೆ ಮೊದಲ ಶನಿವಾರ. ಮಾವನ ಮಂಚವನ್ನು ಜಗಲಿಗೆ ತಂದು ಹಾಕಿದೆವು. ಮೂವತ್ತು ಜನವಾದರೂ ಬಂದಿದ್ದರು. ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಬೈದರೂ ತಿರುಗಿ ಮಾತಾಡುವವಳು ನಾನು, ಮಣೆಯ ಮೇಲೆ ಕೂರುವ ಮೊದಲು ಮೂರು ಸಲ ನೀರು ಕುಡಿದು ಬಂದೆ. ನೀವು ಬರೆದು ಕಳಿಸಿದ್ದ ಅರ್ಥವನ್ನು ಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಓದಿದೆ. ತಡವರಿಸಿದೆ, ಆದರೆ ಯಾರೂ ನಗಲಿಲ್ಲ. ನಾನು ಪದ್ಯ ಓದುವಾಗ ಮಾವನ ತುಟಿ ಜೊತೆಗೇ ಅಲ್ಲಾಡುತ್ತಿತ್ತು. ಮುಗಿದ ಮೇಲೆ ಎಡಗೈ ಎತ್ತಿ ನನ್ನ ತಲೆಯ ಮೇಲಿಟ್ಟರು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ, ಇದನ್ನು ನಮ್ಮ ಮನೆಯವರಿಗೆ ಹೇಳಬೇಡಿ.

ಇನ್ನು ಮುಖ್ಯವಾದದ್ದು. ಕೊನೆಯ ಶನಿವಾರ ಆರನೇ ಸಂಧಿ, ರಾಣಿಯ ಕಥೆ. ಕಾಡು ದಾಟಿದ ಮೇಲೆ ಏನಾಯಿತು ಎಂಬ ಭಾಗ. ಅದನ್ನು ಕೇಳಲು ಸುತ್ತಲ ಊರಿನ ಹೆಂಗಸರೆಲ್ಲ ಬರುತ್ತಾರಂತೆ, ಜಗಲಿ ಸಾಲದೆ ಬೀದಿಯಲ್ಲಿ ಚಾಪೆ ಹಾಕುತ್ತಾರಂತೆ. ಈಗಲೇ ತಯಾರಾಗೋಣವೆಂದು ಇವತ್ತು ತೆಗೆದೆ. ಐದನೇ ಸಂಧಿಯವರೆಗೆ ಪ್ರತಿ ಪುಟದಲ್ಲೂ ಕುಂಕುಮದ ಬೆರಳು, ಎಣ್ಣೆ ಕಲೆ. ಆರನೆಯದರಿಂದ ಹಾಳೆಗಳ ಮೇಲಂಚೇ ಬಿಡಿಸಿಲ್ಲ. ಅಚ್ಚಿನವರು ಮಡಿಸಿದ ಹಾಗೆಯೇ ಎರಡೆರಡು ಹಾಳೆ ಕೂಡಿಕೊಂಡಿವೆ. ಬೈಂಡಿಂಗ್ ಮಾಡಿದವರು ಮರೆತಿರಬೇಕು ಎಂದು ಬ್ಲೇಡು ತಂದು ಒಂದೊಂದೇ ಕೊಯ್ದು ಬಿಡಿಸಿದೆ. ಮಾವ ಮಂಚದಿಂದ ನೋಡುತ್ತಿದ್ದರು. ಗಂಟಲಲ್ಲಿ ಏನೋ ಸದ್ದು ಮಾಡಿದರು. ಪುಸ್ತಕಕ್ಕೆ ಬ್ಲೇಡು ತಾಗಿಸಿದ್ದಕ್ಕೆ ಬೇಜಾರಾಯಿತೇನೋ. "ಹುಷಾರಾಗಿ ಕುಯ್ತೀನಿ ಮಾವಾ, ಅಕ್ಷರಕ್ಕೆ ಏನೂ ಆಗಲ್ಲ" ಎಂದೆ. ಕಣ್ಣು ಮುಚ್ಚಿಕೊಂಡರು.

ಆ ಸಂಧಿಯ ಪದ್ಯಗಳನ್ನೆಲ್ಲ ಬರೆದು ಇದರ ಜೊತೆ ಇಟ್ಟಿದ್ದೇನೆ. ಒಂದು ಸಾಲೂ ತಿಳಿಯಲಿಲ್ಲ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತಿದ್ದೇನೆ, ನೀವೂ ಹಾಗೆಯೇ ಕಳಿಸಿದರೆ ಉಪಕಾರ.

ನಿಮ್ಮ ಉಷಾ

*

ಮಾಲೂರು
೯ ಆಗಸ್ಟ್ ೨೦೨೫

ಉಷಾ,

ಹನ್ನೊಂದು ಪುಟ ಅರ್ಥ ಇದರ ಜೊತೆಗಿದೆ. ಒಂಬತ್ತು ದಿನ ಹಿಡಿಯಿತು. ಎರಡು ನಿಘಂಟು ಹರವಿಕೊಂಡು ಕೂತಿದ್ದೆ. ನನ್ನ ಸೊಸೆ ಶ್ರೀವಿದ್ಯಾ ಊಟಕ್ಕೆ ಕರೆದು ಕರೆದು ಸಾಕಾಗಿ ತಟ್ಟೆಯನ್ನೇ ನಿಘಂಟಿನ ಮೇಲೆ ತಂದಿಟ್ಟಳು. ಇಷ್ಟು ಕಷ್ಟಪಟ್ಟು, ಇಷ್ಟು ಖುಷಿಯಿಂದ ನಾನು ಓದಿ ಎಷ್ಟು ಕಾಲವಾಯಿತೋ.

ಕಾಡು ದಾಟಿದ ರಾಣಿ ಒಂದು ಹಳ್ಳಿಯಲ್ಲಿ ಗುರುತು ಹೇಳದೆ ಬದುಕುತ್ತಾಳೆ. ರಾಜ್ಯ ಬಿಟ್ಟುಕೊಟ್ಟು ಹೆಂಡತಿ ಮಕ್ಕಳನ್ನು ಕೈಬಿಟ್ಟು ಹೋದ ರಾಜ ಹನ್ನೆರಡು ವರ್ಷದ ಮೇಲೆ ಭಿಕ್ಷುಕನಾಗಿ ಅದೇ ಬಾಗಿಲಿಗೆ ಬರುತ್ತಾನೆ. ಅವಳಿಗೆ ಗುರುತು ಸಿಗುತ್ತದೆ. ಹದಿನೆಂಟು ಪದ್ಯ ಅವಳು ಒಂದು ಮಾತೂ ಆಡುವುದಿಲ್ಲ. ಹತ್ತೊಂಬತ್ತನೆಯದರಲ್ಲಿ ನಿಂತಲ್ಲೇ ಪ್ರಾಣ ಬಿಡುತ್ತಾಳೆ. ಆ ಮೌನದಲ್ಲಿ ಕವಿ ಏನೇನು ತುಂಬಿದ್ದಾನೆ ಎಂಬುದನ್ನು ಬಿಡಿಸಿ ಬರೆದಿದ್ದೇನೆ. ಬರೆದದ್ದನ್ನು ಬರೆದ ಹಾಗೇ ಓದು. ಒಂದು ಪದವನ್ನೂ ಆಚೀಚೆ ಮಾಡಬೇಡ. ನಿನ್ನ ಮಾವನವರಿಗೆ ಇದು ಬಾಯಿಗೇ ಬರುತ್ತಿರುತ್ತದೆ, ಅವರ ಮುಂದೆ ನನ್ನ ಮಾನ ನಿನ್ನ ಕೈಯಲ್ಲಿದೆ.

ಹೇಗಾಯಿತು ಎಂದು ಕೂಡಲೇ ಬರೆ. ಕಾಯುತ್ತಿರುತ್ತೇನೆ.

ಗಂಗರತ್ನಮ್ಮ

*

೨೪ ಆಗಸ್ಟ್ ೨೦೨೫

ಮೇಡಂ,

ಏನೋ ಆಗಬಾರದ್ದು ಆಗಿಹೋಗಿದೆ. ಎಲ್ಲಿಂದ ಹೇಳಲಿ ಗೊತ್ತಾಗುತ್ತಿಲ್ಲ.

ನಿನ್ನೆ ಬೀದಿ ತುಂಬ ಜನ. ನಾನು ಒಂದು ಕಡೆಯೂ ತಡವರಿಸಲಿಲ್ಲ. ಹನ್ನೊಂದು ಪುಟವನ್ನೂ ನೀವು ಬರೆದ ಹಾಗೆಯೇ ಓದಿದೆ. ರಾಣಿ ನಿಂತಲ್ಲೇ ಪ್ರಾಣ ಬಿಟ್ಟಳು ಎಂದು ಹೇಳಿ ತಲೆಯೆತ್ತಿದೆ. ಯಾರೂ ಮಿಸುಕಲಿಲ್ಲ. ನಾನು ಚೆನ್ನಾಗಿ ಓದಿದ್ದೇನೆ, ಅದಕ್ಕೇ ಹೀಗೆ ಕೂತಿದ್ದಾರೆ ಅಂದುಕೊಂಡೆ.

ಗೋವಿಂದಮ್ಮತ್ತೆ ಕೇಳಿದರು, "ಅದೇನಮ್ಮಾ ಉಷಾ, ರಾಣಿ ಸತ್ತೋಗ್ಬುಡ್ತಾಳಾ? ನಮ್ಮಣ್ಣ ಹಂಗೆ ಹೇಳ್ತಾನೇ ಇರ್ಲಿಲ್ವಲ್ಲ. ಅವ್ಳು ಆನೆ ಕಾಯೋಕೆ ರಾಗಿ ಹೊಲದ ಅಟ್ಟಣೆ ಮ್ಯಾಲೆ ಕುಂತಿರ್ತಾಳೆ, ಇವ್ನು ಬತ್ತಾನೆ, ಕೆಮ್ಮು ಕೇಳಿ ಗುರುತು ಹಿಡೀತಾಳೆ. ಇಳಿದು ಬಂದು, ಊಟ ಆಯ್ತಾ ಅಂತಾಳೆ. ಅಷ್ಟೇ ಅನ್ನೋದು. ನಾವೆಲ್ಲ ಅಳೋದೇ ಅಲ್ಲಿ."

ನಾನು ಏನು ಮಾಡಿದೆ ಗೊತ್ತೇ? ಪುಸ್ತಕ ಎತ್ತಿ ಹಿಡಿದು, "ಇಲ್ಲಿ ಆನೆಯೂ ಇಲ್ಲ, ಅಟ್ಟಣೆಯೂ ಇಲ್ಲ ಅತ್ತೆ, ಬೇಕಾದರೆ ನೋಡಿ" ಎಂದೆ. ಹದಿನಾಲ್ಕು ವರ್ಷದಿಂದ ಎದ್ದು ನಿಂತಿದ್ದವಳಿಗೆ ಕೂರುವ ಜಾಗ ಸಿಕ್ಕಿತ್ತಲ್ಲ, ಆ ಜಂಬ. ಹಿಂದಿನ ಸಾಲಿನಲ್ಲಿ ಕೂತಿದ್ದ ಚಿನ್ನಸ್ವಾಮಿ ತಾತ, "ಹಂಗಾರೆ ಮುನಿಯಲ್ಲ ಇಷ್ಟು ವರ್ಸ ಹೇಳಿದ್ದು ಏನ್ಲಾ?" ಎಂದರು. ಯಾರೋ ನಕ್ಕರು. ನಕ್ಕಿದ್ದು ಒಬ್ಬರೇ, ಆದರೆ ಎಲ್ಲರಿಗೂ ಕೇಳಿಸಿತು.

ಮಾವ ಎಡಗೈಯಿಂದ ಮಂಚದ ಪಟ್ಟಿ ಹಿಡಿದು, ತಾವೇ ಕಷ್ಟಪಟ್ಟು ಗೋಡೆ ಕಡೆಗೆ ಹೊರಳಿದರು.

ಆಗಿನಿಂದ ತಿರುಗಿಲ್ಲ. ನಾನು ಚಮಚ ಹಿಡಿದರೆ ಬಾಯಿ ತೆರೆಯುವುದಿಲ್ಲ, ಮನೆಯವರು ಹಿಡಿದರೆ ಎರಡು ಗುಟುಕು ಕುಡಿಯುತ್ತಾರೆ. "ನೀ ಓದಿದ್ದು ಸರಿ ತಾನೆ? ಮತ್ತೆ ಯಾಕೆ ಅಳ್ತೀಯ?" ಎಂದು ಅವರು ಕೇಳುತ್ತಾರೆ. ಸರಿಯಾಗಿ ಓದಿದ್ದಕ್ಕೇ ಅಳುತ್ತಿದ್ದೇನೆ ಎಂದು ಅವರಿಗೆ ಹೇಗೆ ಹೇಳಲಿ? ಮಾವ ಯಾಕೆ ಹಾಗೆ ಬೇರೆ ಕಥೆ ಹೇಳುತ್ತಿದ್ದರು ಮೇಡಂ? ನಾನು ಈಗ ಏನು ಮಾಡಲಿ?

ಉಷಾ

*

ಮಾಲೂರು
೨ ಸೆಪ್ಟೆಂಬರ್ ೨೦೨೫

ಉಷಾ,

ನಿನ್ನ ಜುಲೈ ಕಾಗದವನ್ನು ಮತ್ತೆ ತೆಗೆದು ಓದಿದೆ. ಹಾಳೆಗಳ ಅಂಚು ಬಿಡಿಸಿರಲಿಲ್ಲ ಎಂದು ನೀನು ಸ್ಪಷ್ಟವಾಗಿ ಬರೆದಿದ್ದೀಯ. ಪದ್ಯಗಳನ್ನು ನೋಡುವ ಆತುರದಲ್ಲಿ ನಾನು ಆ ಸಾಲು ದಾಟಿ ಹೋದೆ. ಅಂಚು ಬಿಡಿಸದ ಹಾಳೆಯನ್ನು ಯಾರೂ ಓದಿರುವುದಿಲ್ಲ, ಮಗೂ. ನಿನ್ನ ಮಾವ ಐದನೇ ಸಂಧಿಯ ಆಚೆ ಹೋಗಿಯೇ ಇಲ್ಲ. ಅಲ್ಲಿಂದ ಮುಂದೆ ಅವರು ಹೇಳಿದ್ದೆಲ್ಲ ಅವರದೇ. ಅದನ್ನು ಮುಚ್ಚಿಟ್ಟುಕೊಂಡು ನಲವತ್ತು ವರ್ಷ ಊರಿನ ಮುಂದೆ ಕೂತಿದ್ದಾರೆ. ನೀನು ಬ್ಲೇಡು ತೆಗೆದುಕೊಂಡಾಗ ಅವರು ಸದ್ದು ಮಾಡಿದ್ದು ಅದಕ್ಕೆ. ಬೇಡ ಎನ್ನಲು ಅವರಿಗೆ ಮಾತಿರಲಿಲ್ಲ. ನನಗೆ ಕಣ್ಣಿತ್ತು, ಆದರೂ ಕಾಣಲಿಲ್ಲ.

ಈಗ ನನ್ನದೂ ಹೇಳಿಬಿಡುತ್ತೇನೆ. ಕಳೆದ ತಿಂಗಳವರೆಗೆ ನಾನೂ ಆರನೇ ಸಂಧಿ ಓದಿರಲಿಲ್ಲ. ಪಠ್ಯಕ್ಕೆ ನಲವತ್ತು ಪದ್ಯ ಇಟ್ಟಿದ್ದರು, ಮೂವತ್ತೊಂದು ವರ್ಷ ಆ ನಲವತ್ತನ್ನೇ ಹೇಳಿದೆ. ಉಳಿದದ್ದನ್ನು ತೆಗೆಯಲು ಹೆದರಿಕೆ. ತಿಳಿಯದಿದ್ದರೆ ಏನು ಗತಿ, ಕನ್ನಡ ಲೆಕ್ಚರರ್ ಅಲ್ಲವೇ ನಾನು. ಮುಂದೆ ಏನಾಗುತ್ತೆ ಎಂದು ಯಾರಾದರೂ ಕೇಳಿದರೆ ಎದ್ದು ನಿಲ್ಲಿಸುತ್ತಿದ್ದೆ. ಒಮ್ಮೆ ನಿಲ್ಲಿಸಿದರೆ ಆ ವರ್ಷ ಮತ್ತೆ ಯಾರೂ ಕೇಳುತ್ತಿರಲಿಲ್ಲ. ನೀನು ನನಗೆ ನೆನಪಿಲ್ಲ ಎಂದು ಬರೆದಿದ್ದೆ. ಪ್ರಶ್ನೆ ಮಾತ್ರ ನೆನಪಿತ್ತು.

ನಿನ್ನ ಮಾವ ತಿಳಿಯದ ಜಾಗದಲ್ಲಿ ಒಂದು ಕಥೆ ಕಟ್ಟಿದರು. ನಾನು ತಿಳಿಯದ ಜಾಗದಲ್ಲಿ ಮಕ್ಕಳನ್ನು ಹೆದರಿಸಿದೆ. ಅವರ ಹತ್ತಿರ ಬಂದು ತಪ್ಪಾಯಿತು ಎನ್ನಬೇಕು ಅನ್ನಿಸುತ್ತಿದೆ. ಬರಲೇ?

ಗಂಗರತ್ನಮ್ಮ

*

೧೪ ಸೆಪ್ಟೆಂಬರ್ ೨೦೨೫

ಮೇಡಂ,

ಬನ್ನಿ. ೨೮ನೇ ತಾರೀಕು ಭಾನುವಾರ ಬನ್ನಿ, ನನಗೆ ರಜೆ. ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಸಾಕು, ಮನೆಯವರು ನಿಮ್ಮ ಹೆಸರು ಬರೆದ ರಟ್ಟು ಹಿಡಿದು ನಿಂತಿರುತ್ತಾರೆ. ತಮಿಳಿನಲ್ಲಿ ಬರೆದರೆ ನಿಮಗೆ ತಿಳಿಯದು, ಕನ್ನಡದಲ್ಲಿ ಬರೆದರೆ ಅವರಿಗೆ ತಲೆಕೆಳಗಾದರೂ ತಿಳಿಯದು. ಯಾವ ಕಡೆ ಮೇಲು ಎಂದು ತೋರಿಸಲು ನಾನು ಒಂದು ಬಾಣ ಹಾಕಿ ಕೊಡುತ್ತೇನೆ.

ನೀವು ಬರೆದದ್ದು ನಿಜ. ಗೋವಿಂದಮ್ಮತ್ತೆಯನ್ನು ಒಬ್ಬರೇ ಇದ್ದಾಗ ಕೇಳಿದೆ. "ನಮ್ಮಪ್ಪ ಐದು ಹೇಳ್ಕೊಟ್ಟು ಹೋಗ್ಬುಟ್ಟ ಕಣಮ್ಮ. ಆರನೇದು ಅಣ್ಣನೇ ಓದ್ಕೊಂಡ ಅಂದ್ಕೊಂಡಿದ್ವಿ" ಎಂದರು. ಆರನೆಯದರ ಪದ್ಯ ಮಾವ ಹಾಡುತ್ತಿದ್ದದ್ದು ಜ್ಞಾಪಕ ಇದೆಯಾ ಎಂದು ಕೇಳಿದೆ. ಹಾಡಿ ತೋರಿಸಿದರು. ಅದು ಎರಡನೇ ಸಂಧಿಯ ಪದ್ಯ. ರಾಗ ಮಾತ್ರ ಬೇರೆ. ನಲವತ್ತು ವರ್ಷ ಇಡೀ ಊರು ಕೇಳಿದೆ, ಒಬ್ಬರಿಗೂ ಗೊತ್ತಾಗಿಲ್ಲ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮಾವನ ಬೆನ್ನಿನ ಹತ್ತಿರ ಕೂತು ಹೇಳಿದೆ, "ನಂದು ತಪ್ಪಾಯ್ತು ಮಾವಾ. ನೀವು ಹೇಳಿದ ಕಥೆನೇ ಚೆನ್ನಾಗೈತೆ." ಕೇಳಿಸಿಕೊಂಡರು, ಭುಜ ಬಿಗಿಯಾಯಿತು. ತಿರುಗಲಿಲ್ಲ. ಚೆನ್ನಾಗಿದೆ ಅಂದದ್ದೂ ತಪ್ಪೇ ಇರಬೇಕು. ಮಗುವನ್ನು ಸಮಾಧಾನ ಮಾಡಿದ ಹಾಗೆ ಕೇಳಿಸಿರಬೇಕು. ಅವರು ದಿನೇ ದಿನೇ ಇಳಿಯುತ್ತಿದ್ದಾರೆ. ಅವರು ಒಂದು ಸಲ ಈ ಕಡೆ ತಿರುಗಿದರೆ ಸಾಕು, ನನ್ನನ್ನು ಬೈಯುವ ಕಣ್ಣಿನಿಂದಲೇ ಆಗಲಿ. ಬೇಗ ಬನ್ನಿ.

ಉಷಾ

*

ಮಾಲೂರು
೨೯ ಸೆಪ್ಟೆಂಬರ್ ೨೦೨೫

ಉಷಾ,

ಕ್ಷೇಮವಾಗಿ ಮನೆ ಮುಟ್ಟಿದೆ. ನಿನ್ನ ಗಂಡನಿಗೆ ಹೇಳು, ರಟ್ಟನ್ನು ತಲೆಕೆಳಗಾಗಿಯೇ ಹಿಡಿದಿದ್ದರು, ಆದರೆ ಅಷ್ಟು ದೊಡ್ಡ ಬಾಣ ಇನ್ನಾರ ಕೈಯಲ್ಲೂ ಇರಲಿಲ್ಲ.

ನಾನು ಬಂದದ್ದರಿಂದ ಏನು ಉಪಯೋಗವಾಯಿತೋ ತಿಳಿಯದು. ಕಿವಿ ಹೋದ ಮೇಲೆ ನನ್ನ ದನಿಯ ಅಳತೆ ನನಗೆ ಸಿಗುವುದಿಲ್ಲ. ಮೆಲ್ಲಗೆ ತಪ್ಪೊಪ್ಪಿಕೊಳ್ಳಬೇಕು ಎಂದುಕೊಂಡಿದ್ದೆ, ಬಾಗಿಲಲ್ಲಿದ್ದ ನಾಯಿ ಎದ್ದು ಓಡಿದ್ದು ನೋಡಿ ಕೂಗಿಬಿಟ್ಟೆ ಎಂದು ತಿಳಿಯಿತು. ಅವರಿಗೆ ಮಾತಿಲ್ಲ, ನನಗೆ ಕಿವಿಯಿಲ್ಲ. ಅವರು ಏನಾದರೂ ಅಂದಿದ್ದರೂ ನನಗೆ ತಲುಪುತ್ತಿರಲಿಲ್ಲ. "ಅರ್ಥ ಬರೆದು ಕಳಿಸಿದವಳು ನಾನು. ನಾನೂ ಓದಿರಲಿಲ್ಲ ಯಜಮಾನರೇ. ನಾನೂ ಹೆದರಿಕೊಂಡೇ ಕಾಲ ಕಳೆದವಳು" ಎಂದೆ. ನನಗೆ ಕಂಡದ್ದು ಅವರ ಬೆನ್ನು, ಬನಿಯನ್ನಿನ ಒಂದು ತೂತು, ಅಷ್ಟೇ. ಅಷ್ಟು ದೊಡ್ಡ ಕಾವ್ಯಕ್ಕೆ ಹನ್ನೊಂದು ಪುಟ ಅರ್ಥ ಬರೆದವಳಿಗೆ ಒಂದು ಬೆನ್ನಿನ ಅರ್ಥ ಬಿಡಿಸಲಾಗಲಿಲ್ಲ.

ನಾಲ್ಕು ಗಂಟೆಯ ಬಸ್ಸಿಗೆಂದು ನಾನು ಎದ್ದಾಗ ಗೋವಿಂದಮ್ಮ ಮಂಚದ ಪಕ್ಕ ಕೂತು ಏನೋ ಹೇಳಲು ಶುರು ಮಾಡಿದ್ದರು. ಸುತ್ತ ಜನ ಸೇರುತ್ತಿದ್ದರು. ಗೋವಿಂದಮ್ಮನ ಕೈ ಆಡುತ್ತಿದ್ದ ರೀತಿ ನೋಡಿದರೆ ಅದೇ ಕಥೆ ಅನ್ನಿಸಿತು. ಆಮೇಲೆ ಏನಾಯಿತು? ಪೂರ್ತಿ ಬರೆ. ಈ ಪ್ರಶ್ನೆ ಕೇಳಿದ್ದಕ್ಕೆ ನನ್ನನ್ನು ಎದ್ದು ನಿಲ್ಲಿಸುವವರು ಯಾರೂ ಇಲ್ಲವಲ್ಲ.

ನಿನ್ನ
ಗಂಗರತ್ನಮ್ಮ

*

೧೯ ಅಕ್ಟೋಬರ್ ೨೦೨೫

ಮೇಡಂ,

ಕಾಗದ ತಡವಾಯಿತು. ಮಾವ ಈ ತಿಂಗಳ ಒಂದನೇ ತಾರೀಕು ಬುಧವಾರ ಬೆಳಿಗ್ಗೆ ಹೋದರು. ಹನ್ನೊಂದನೆಯ ದಿನದ ಕಾರ್ಯ, ನೆಂಟರು, ಎಲ್ಲ ಮುಗಿದು ಈಗ ಕೂತಿದ್ದೇನೆ. ನೀವು ಕೇಳಿದ್ದೀರಿ, ಪೂರ್ತಿ ಬರೆಯುತ್ತೇನೆ.

ನೀವು ಹೊರಡುವಾಗ ಗೋವಿಂದಮ್ಮತ್ತೆ ಶುರು ಮಾಡಿದ್ದು ಆರನೇ ಸಂಧಿಯೇ, ಅಣ್ಣ ಹೇಳುತ್ತಿದ್ದ ಹಾಗೆ. ರಾಣಿ ರಾಗಿ ಹೊಲದ ಅಟ್ಟಣೆಯ ಮೇಲೆ ತಮಟೆ ಇಟ್ಟುಕೊಂಡು ಕೂತಿದ್ದಾಳೆ. ಮಗು ಕಂಬಳಿಯಲ್ಲಿ ಮಲಗಿದೆ. ಹೊಲದಂಚಿನಲ್ಲಿ ಏನೋ ಅಲ್ಲಾಡುತ್ತದೆ, ಆನೆ ಎಂದು ತಮಟೆ ಎತ್ತುತ್ತಾಳೆ. ಕೆಮ್ಮು ಕೇಳಿಸುತ್ತದೆ. ವರ್ಷಗಟ್ಟಲೆ ಪಕ್ಕದಲ್ಲಿ ಮಲಗಿದ್ದವನ ಕೆಮ್ಮು. ತಮಟೆ ಕೆಳಗಿಟ್ಟು ಇಳಿಯುತ್ತಾಳೆ. ಊಟ ಆಯ್ತಾ ಅನ್ನುತ್ತಾಳೆ. ಆಯ್ತು ಅನ್ನುತ್ತಾನೆ ಅವನು, ಸುಳ್ಳು. ಅವಳು ಮುದ್ದೆ, ಹುರುಳಿ ಸಾರು ಬಡಿಸುತ್ತಾಳೆ. ಅವನು ತಲೆಯೆತ್ತದೆ ಉಣ್ಣುತ್ತಾನೆ.

ಅಲ್ಲಿಗೆ ಬಂದಾಗ ಮಂಚ ಕಿರ್ ಎಂದಿತು. ಮಾವ ತಿರುಗಿದರು ಮೇಡಂ. ಮೂವತ್ತಾರು ದಿನದ ಮೇಲೆ. ಯಾರೂ ಹಿಡಿಯಲಿಲ್ಲ, ತಾವೇ ತಿರುಗಿದರು. ಗೋವಿಂದಮ್ಮತ್ತೆಯನ್ನು ನೋಡಿ, ಹಾಗಲ್ಲ ಎಂದು ತಲೆಯಾಡಿಸಿದರು. ಕೋಪ ಬಂದಿತ್ತು. ತಂಗಿ ತಮ್ಮ ಕಥೆಯನ್ನು ಕೆಡಿಸುತ್ತಿದ್ದಾಳೆ ಎಂಬ ಕೋಪ. ನನಗೆ ಅಳು ಬಂತು, ಸಂತೋಷಕ್ಕೆ.

"ಏನಣ್ಣ, ತಪ್ಪು ಹೇಳ್ಬುಟ್ನಾ? ಹುರುಳಿ ಸಾರಲ್ವಾ? ಅವರೆಕಾಳಾ?" ಎಂದರು ಅತ್ತೆ. ಅಲ್ಲ. ಚಿನ್ನಸ್ವಾಮಿ ತಾತ, "ಮೊದ್ಲು ಮಾತಾಡಿದ್ದು ಅವ್ನು ಅಲ್ವೇನ್ಲಾ ಮುನಿಯಲ್ಲ? ನಂಗೆ ಹಂಗೇ ಜ್ಞಾಪಕ" ಎಂದರು. ಆ ಶನಿವಾರ ನಕ್ಕವರು ಯಾರೆಂದು ಹೇಳುವುದಿಲ್ಲ, ಅವರೂ ಬಂದು ಕೇಳಿದರು, ಮಗು ಎದ್ದಿತ್ತಾ ಎಂದು. ಅಲ್ಲ. ಬೀದಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ನಲವತ್ತು ವರ್ಷ ಜೊತೆಗೆ ಕೂತು ಕೇಳಿದವರು, ಇಬ್ಬರ ನೆನಪು ಒಂದಾಗಿರಲಿಲ್ಲ. ಯಾರು ಏನು ಹೇಳಿದರೂ ಮಾವ ಅಲ್ಲ ಎಂದೇ ತಲೆಯಾಡಿಸಿದರು. ನಮ್ಮ ಮನೆಯವರು ತಮಿಳಿನಲ್ಲಿ ಕೇಳಿದರು, ತೆಲುಗಿನಲ್ಲೂ ಕೇಳಿದರು. ಎಡಗೈಗೆ ಸೀಸದಕಡ್ಡಿ ಕೊಟ್ಟೆ. ಹಾಳೆಯ ಮೇಲೆ ಒಂದು ಗೆರೆ ಎಳೆದರು, ಕೈ ಜಾರಿತು. ಆ ಗೆರೆಯನ್ನು ಎಲ್ಲರೂ ಕೈಯಿಂದ ಕೈಗೆ ತೆಗೆದುಕೊಂಡು ನೋಡಿದೆವು.

ಸೋಮವಾರ, ಮಂಗಳವಾರ ಕಂಪನಿಗೆ ಹೋಗಲಿಲ್ಲ. ಗಂಜಿ ಮಾಡಿ ಕೊಟ್ಟೆ. ನನ್ನ ಕೈಯಿಂದ ಕುಡಿದರು. ಒಂದೊಂದು ಚಮಚಕ್ಕೂ ಒಂದೊಂದು ಪ್ರಶ್ನೆ ಕೇಳಿದೆ. ರಾಣಿ ಅತ್ತಳಾ ಮಾವಾ? ಅವನು ಕ್ಷಮಿಸು ಅಂದನಾ? ಉಂಡಾದ ಮೇಲೆ ಹೊರಟುಹೋದನಾ? ಅವಳೂ ಜೊತೆಗೆ ಉಂಡಳಾ? ಇಲ್ಲ, ಇಲ್ಲ, ಇಲ್ಲ. ನುಂಗುತ್ತಲೇ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಈ ಸಲ ಕೇಳುತ್ತಾಳೆ, ಈ ಸಲ ಕೇಳುತ್ತಾಳೆ ಎಂದು ಕಾಯುತ್ತಿರುವುದು ಕಾಣಿಸುತ್ತಿತ್ತು. ನೀವು ಹೇಳಿಕೊಟ್ಟ ಹಾಗೆ ಬಿಡಿಸಿ ನೋಡಿದೆ ಮೇಡಂ, ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು. ಮಾವನ ಕಥೆಗೆ ನಿಘಂಟು ಇರಲಿಲ್ಲ. ಅರ್ಥ ತಿಳಿದಿದ್ದ ಒಬ್ಬರೂ ಮಾತಿಲ್ಲದೆ ನನ್ನ ಎದುರಿಗೇ ಮಲಗಿದ್ದರು.

ಬುಧವಾರ ಬೆಳಿಗ್ಗೆ ಗಂಜಿ ತಂದೆ. ಮುಖ ಈ ಕಡೆಗೇ ಇತ್ತು, ಕಣ್ಣು ತೆರೆದೇ ಇತ್ತು. ಚಮಚ ತುಟಿಯ ಹತ್ತಿರ ಹಿಡಿದು ಮುಂದಿನ ಪ್ರಶ್ನೆ ಕೇಳಿಯೂಬಿಟ್ಟಿದ್ದೆ, ಆಮೇಲೆ ಗೊತ್ತಾಯಿತು.

ಮುಂದಿನ ಶ್ರಾವಣಕ್ಕೆ ಮಾವನ ಆರನೇ ಸಂಧಿಯನ್ನೇ ಹೇಳು, ಪುಸ್ತಕದ್ದು ಬೇಡ ಎಂದು ಊರಿನವರು ಕೇಳುತ್ತಿದ್ದಾರೆ. ಹೂಂ ಎಂದಿದ್ದೇನೆ. ಅದರಲ್ಲಿ ಎಲ್ಲೋ ಒಂದು ಕಡೆ ತಪ್ಪಿದೆ. ಎಲ್ಲಿ ಎಂದು ನನಗೆ ತಿಳಿಯದು, ತಿಳಿಯದೆಯೇ ಹೇಳಬೇಕು. ಎರಡು ದಿನದಲ್ಲಿ ನೂರು ಪ್ರಶ್ನೆಯಾದರೂ ಕೇಳಿರಬಹುದು. ಅವರು ಕಾಯುತ್ತಿದ್ದ ಒಂದನ್ನು ನಾನು ಕೇಳಲಿಲ್ಲ.

ಉಷಾ